ಬೆಲೆ, ದುಡಿಮೆ, ಪಡಿ: ಸಮಗ್ರ ಅರ್ಥನೀತಿಯೂ ಬಡತನವೂ

1. ಪೀಠಿಕೆ

ಒಂದು ದೇಶದ ಒಟ್ಟು ಉತ್ಪನ್ನ, ಒಟ್ಟು ಉದ್ಯೋಗ, ಸಾಮಾನ್ಯ ಬೆಲೆಮಟ್ಟ, ವಿದೇಶೀ ವಿನಿಮಯದ ಸ್ಥಿತಿ, ಸರ್ಕಾರದ ಆಯ ಮತ್ತು ವ್ಯಯ ಇವುಗಳನ್ನು ಒಟ್ಟಾಗಿ ಪರಿಗಣಿಸಿ ರೂಪಿಸುವ ಧೋರಣೆಯನ್ನು ಸಮಗ್ರ ಅರ್ಥನೀತಿ ಎಂದು ಕರೆಯುತ್ತೇವೆ. ರೂಪಾಯಿಯ ವಿನಿಮಯ ದರವನ್ನು ಇಳಿಸುವುದು, ಬಡ್ಡಿಯ ದರವನ್ನು ಏರಿಸುವುದು, ಮುಂಗಡಪತ್ರದ ಕೊರತೆಯನ್ನು ತಗ್ಗಿಸುವುದು ಇವೆಲ್ಲ ಈ ನೀತಿಯ ಉಪಕರಣಗಳು. ಇವುಗಳ ಭಾಷೆ ಶೇಕಡಾವಾರಿನದು, ಸರಾಸರಿಯದು, ಕೋಟಿಗಳದು. ಬಡತನವಾದರೋ ಒಂದೊಂದು ಮನೆಯ ಒಲೆಗೆ ಸಂಬಂಧಿಸಿದ ಸಂಗತಿ. ಕೋಟಿಗಳಲ್ಲಿ ಮಾತನಾಡುವ ನೀತಿಯು ಒಂದು ಮನೆಯ ಒಲೆಯನ್ನು ಯಾವ ದಾರಿಯಿಂದ ತಲುಪುತ್ತದೆ, ತಲುಪುವ ಹೊತ್ತಿಗೆ ಅದರ ಸ್ವರೂಪ ಏನಾಗಿರುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅಭಿವೃದ್ಧಿಶೀಲ ರಾಷ್ಟ್ರಗಳೆಲ್ಲಕ್ಕೂ ಅನ್ವಯಿಸುವ ಪ್ರಶ್ನೆ ಇದು. ಇಲ್ಲಿ ಭಾರತದ 1991ರ ಅನುಭವವನ್ನು ಮುಖ್ಯವಾಗಿರಿಸಿಕೊಂಡು, ಬ್ರೆಜಿಲ್ ಮತ್ತು ಇಂಡೋನೇಷ್ಯಾಗಳ ಅನುಭವವನ್ನು ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ.

ಕನ್ನಡ ವಿಭಾಗದ ಸಂಪುಟದಲ್ಲಿ ಅರ್ಥನೀತಿಯ ಚರ್ಚೆಗೆ ಏನು ಸ್ಥಾನ ಎಂಬ ಸಂದೇಹ ಕೆಲವರಿಗೆ ಬರಬಹುದು. ಎರಡು ಕಾರಣಗಳಿಂದ ಈ ಚರ್ಚೆ ಇಲ್ಲಿಯೂ ಸಲ್ಲುತ್ತದೆ. ಮೊದಲನೆಯದು, ಹೊರನಾಡ ಕನ್ನಡಿಗರ ಚರಿತ್ರೆಯ ಒಂದು ದೊಡ್ಡ ಭಾಗ ದುಡಿಮೆಯನ್ನು ಅರಸಿ ಬಂದವರ ಚರಿತ್ರೆಯೇ ಆಗಿದೆ. ಮುಂಬಯಿಯ ಗಿರಣಿ, ಹೋಟೆಲು, ಕಟ್ಟಡ ಕೆಲಸಗಳಲ್ಲಿಯೂ ಸೊಲ್ಲಾಪುರದ ಮಗ್ಗಗಳಲ್ಲಿಯೂ ದುಡಿದವರ ಬದುಕನ್ನು ಅರ್ಥನೀತಿಯ ಏರಿಳಿತಗಳಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಎರಡನೆಯದು, ನೀತಿಯ ಮೂಲ ಕಡತಗಳು ಇಂಗ್ಲಿಷಿನಲ್ಲಿರುತ್ತವೆ. ಅವುಗಳ ಪರಿಣಾಮವನ್ನು ಅನುಭವಿಸುವ ಬಹುಸಂಖ್ಯಾತರ ಮಾತು ಬೇರೆಯದಾಗಿರುತ್ತದೆ. ಈ ಎರಡರ ನಡುವೆ ಸೇತುವೆ ಕಟ್ಟುವುದು ದೇಶಭಾಷೆಗಳಲ್ಲಿ ಬರೆಯುವವರ ಹೊಣೆ.

ಈ ಹೊಣೆಗೆ ಕನ್ನಡದ ಕೆಲವು ಶಬ್ದಗಳೇ ನೆರವಾಗುತ್ತವೆ. ‘ಪಡಿ’ ಎಂಬುದು ಧಾನ್ಯವನ್ನು ಅಳೆಯುವ ಮಾನ. ದಿನದ ಊಟಕ್ಕೆಂದು ಅಳೆದು ಕೊಡುವ ದವಸಕ್ಕೂ ಅದೇ ಹೆಸರು. ಇಂದಿನ ‘ಪಡಿತರ’ದಲ್ಲಿ ಆ ಹಳೆಯ ಶಬ್ದವೇ ಉಳಿದಿದೆ. ‘ತುಟ್ಟಿ’ ಎಂದರೆ ದುಬಾರಿ. ಬೆಲೆ ತುಟ್ಟಿಯಾದಾಗ ನೌಕರನಿಗೆ ಸಿಗುವ ಹೆಚ್ಚಿನ ಹಣಕ್ಕೆ ‘ತುಟ್ಟಿಭತ್ಯೆ’ ಎನ್ನುತ್ತೇವೆ. ಬಡತನದ ಮೇಲೆ ಅರ್ಥನೀತಿಯ ಪರಿಣಾಮವನ್ನು ಅರಿಯಲು ಕೇಳಬೇಕಾದ ಪ್ರಶ್ನೆಗಳು ಈ ಮಾತುಗಳಲ್ಲಿಯೇ ಅಡಗಿವೆ: ಬೆಲೆ ಏರಿದಾಗ ತುಟ್ಟಿಭತ್ಯೆ ಯಾರಿಗೆ ಉಂಟು, ಯಾರಿಗೆ ಇಲ್ಲ? ಪಡಿ ಯಾರಿಗೆ ಸಿಗುತ್ತದೆ, ಯಾವ ದರಕ್ಕೆ ಸಿಗುತ್ತದೆ?

2. ಬಡತನದ ಅಳತೆ

ಭಾರತದಲ್ಲಿ ಬಡತನವನ್ನು ಲೆಕ್ಕಕ್ಕೆ ತಂದ ಮೊದಲಿಗರಲ್ಲಿ ದಾದಾಭಾಯಿ ನವರೋಜಿಯವರು ಪ್ರಮುಖರು. 1867-68ರ ಸುಮಾರಿಗೆ ಭಾರತೀಯನ ತಲಾ ವಾರ್ಷಿಕ ಆದಾಯ 20 ರೂಪಾಯಿ ಎಂದು ಅಂದಾಜು ಮಾಡಿದ ಅವರು, ಸೆರೆಮನೆಯ ಕೈದಿಗೆ ಅನ್ನಬಟ್ಟೆಗಾಗಿ ತಗಲುವ ವೆಚ್ಚವನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರು. ಅಪರಾಧಿಗೆ ಸರ್ಕಾರ ಕೊಡುವಷ್ಟು ಅನ್ನವೂ ನಿರಪರಾಧಿಗೆ ದಕ್ಕುತ್ತಿಲ್ಲ ಎಂಬುದು ಆ ಲೆಕ್ಕದ ತಾತ್ಪರ್ಯ. ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 2,250 ಕ್ಯಾಲೊರಿ ಆಹಾರವನ್ನು ಪಡೆಯಲು ಬೇಕಾಗುವ ವೆಚ್ಚವನ್ನು ಬಡತನದ ಗಡಿಯಾಗಿ ಹಿಡಿದರು. ಮುಂದೆ ಯೋಜನಾ ಆಯೋಗವು ಗ್ರಾಮಗಳಿಗೆ 2,400, ನಗರಗಳಿಗೆ 2,100 ಕ್ಯಾಲೊರಿಗಳನ್ನು ಆಧಾರವಾಗಿರಿಸಿಕೊಂಡು 1973-74ರ ಬೆಲೆಗಳಲ್ಲಿ ತಿಂಗಳಿಗೆ ತಲಾ 49 ಮತ್ತು 57 ರೂಪಾಯಿಗಳ ಆಸುಪಾಸಿನ ಗೆರೆಗಳನ್ನು ಎಳೆಯಿತು.

ಈ ಎಲ್ಲ ಅಳತೆಗಳಲ್ಲಿಯೂ ಒಂದು ಸಮಾನ ಅಂಶವಿದೆ. ಬಡತನದ ಗೆರೆ ಮೂಲತಃ ಅನ್ನದ ಬೆಲೆಗೆ ಕಟ್ಟಿದ ಗೆರೆ. ಆದುದರಿಂದ ಒಂದು ಮನೆಯ ಕೂಲಿ ಒಂದು ಪೈಸೆಯಷ್ಟೂ ಕಡಿಮೆಯಾಗದೆ ಇದ್ದರೂ ಧಾನ್ಯದ ಬೆಲೆ ಏರಿದ ಮಾತ್ರಕ್ಕೆ ಆ ಮನೆ ಗೆರೆಯ ಕೆಳಗೆ ಜಾರಬಲ್ಲದು. ಕೃಷಿ ಕಾರ್ಮಿಕರಿಗಾಗಿ 1986-87ನ್ನು ಆಧಾರ ವರ್ಷವಾಗಿ ಹಿಡಿದು ಸಿದ್ಧಪಡಿಸಿದ ಬೆಲೆ ಸೂಚ್ಯಂಕದಲ್ಲಿ ಆಹಾರದ ತೂಕ ನೂರಕ್ಕೆ ಸುಮಾರು 69 ಆಗಿತ್ತು. 2012ನ್ನು ಆಧಾರವಾಗಿ ಹಿಡಿದ ಸಾಮಾನ್ಯ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಸುಮಾರು 46. ಕೂಲಿಯವನ ಬುಟ್ಟಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಅನ್ನವೇ ಇರುವಾಗ, ಸರಾಸರಿ ಪ್ರಜೆಯ ಬುಟ್ಟಿಯನ್ನು ತೂಗಿ ‘ಬೆಲೆಯೇರಿಕೆ ಹತೋಟಿಯಲ್ಲಿದೆ’ ಎನ್ನುವುದು ಆ ಕೂಲಿಯವನ ಪಾಲಿಗೆ ಸತ್ಯವಾಗಬೇಕೆಂದಿಲ್ಲ. ಸಮಗ್ರ ಅರ್ಥನೀತಿಯ ಪರಿಣಾಮವನ್ನು ಚರ್ಚಿಸುವಾಗ ಮೊದಲು ನೆನಪಿಡಬೇಕಾದ ಅಂಶ ಇದು.

3. ಮೂರು ದಾರಿಗಳು

ಸಮಗ್ರ ಅರ್ಥನೀತಿಯು ಬಡವರ ಮನೆಯನ್ನು ತಲುಪುವ ದಾರಿಗಳನ್ನು ಬೆಲೆ, ದುಡಿಮೆ, ಪಡಿ ಎಂದು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಬೆಲೆಯ ದಾರಿ ಎಲ್ಲಕ್ಕಿಂತ ವೇಗವಾದದ್ದು. ನಾಣ್ಯದ ಅಪಮೌಲ್ಯವಾದರೆ ಆಮದಾಗುವ ಎಣ್ಣೆ, ಗೊಬ್ಬರ, ಇಂಧನಗಳ ಬೆಲೆ ಏರುತ್ತದೆ. ಇಂಧನದ ಹಿಂದೆಯೇ ಸಾಗಾಣಿಕೆಯ ವೆಚ್ಚವೂ, ಅದರ ಹಿಂದೆ ಸಂತೆಯ ತರಕಾರಿಯ ಬೆಲೆಯೂ ಏರುತ್ತವೆ. ಹಣದುಬ್ಬರವು ಬಡವರ ಮೇಲೆ ಹೇರಿದ ತೆರಿಗೆ ಎಂದು ಅರ್ಥಶಾಸ್ತ್ರಜ್ಞರು ಹೇಳುವುದುಂಟು. ಉಳ್ಳವರ ಸಂಪತ್ತು ಭೂಮಿ, ಬಂಗಾರ, ಷೇರುಗಳ ರೂಪದಲ್ಲಿರುತ್ತದೆ. ಬೆಲೆಯೊಂದಿಗೆ ಅದೂ ಏರುತ್ತದೆ. ಇಲ್ಲದವರ ಸಂಪತ್ತು ಕೈಯಲ್ಲಿರುವ ನೋಟಷ್ಟೇ. ಅದು ಕುಳಿತಲ್ಲಿಯೇ ಕರಗುತ್ತದೆ.

ಬೆಲೆಯ ಏಟನ್ನು ತಡೆಯುವ ಗುರಾಣಿ ತುಟ್ಟಿಭತ್ಯೆ. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ಜೀವನವೆಚ್ಚದ ಸೂಚ್ಯಂಕಕ್ಕೆ ತಳಕು ಹಾಕಿದ ಭತ್ಯೆಯನ್ನು ಸಂಘಟನೆಯ ಬಲದಿಂದ ಪಡೆದಿದ್ದರು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಆರಂಭಿಸಿದ ಮುಷ್ಕರವು ಸೋಲಿನಲ್ಲಿ ಮುಗಿದ ಮೇಲೆ ಗಿರಣಿಯ ಕೆಲಸ ಕಳೆದುಕೊಂಡವರು ಬಹಳ ಮಂದಿ. ಗಿರಣಿಯಿಂದ ಭಿವಂಡಿಯ ವಿದ್ಯುತ್ ಮಗ್ಗಕ್ಕೆ ಹೋದ ನೇಕಾರನ ಕಸುಬು ಬದಲಾಗಲಿಲ್ಲ. ಆದರೆ ಅವನ ಗುರಾಣಿ ಹೋಯಿತು. ಅಲ್ಲಿ ಕೂಲಿ ನೇಯ್ದ ಬಟ್ಟೆಯ ಅಳತೆಗೆ ಸಿಗುತ್ತಿತ್ತೇ ಹೊರತು ಸೂಚ್ಯಂಕವನ್ನು ನೋಡಿ ಏರುತ್ತಿರಲಿಲ್ಲ. ಒಂದೇ ಪ್ರಮಾಣದ ಬೆಲೆಯೇರಿಕೆ ಒಂದೇ ಊರಿನ ಇಬ್ಬರನ್ನು ಹೇಗೆ ಬೇರೆ ಬೇರೆಯಾಗಿ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ದುಡಿಮೆಯ ದಾರಿ ತುಸು ನಿಧಾನವಾದದ್ದು. ಬಡ್ಡಿ ಏರಿದಾಗ ಹೊಸ ಕಟ್ಟಡ ನಿಲ್ಲುತ್ತದೆ. ಸರ್ಕಾರವು ಬಂಡವಾಳ ವೆಚ್ಚವನ್ನು ಕಡಿತಗೊಳಿಸಿದಾಗ ರಸ್ತೆ, ಕಾಲುವೆಗಳ ಕೆಲಸ ನಿಲ್ಲುತ್ತದೆ. ಮೊದಲು ಕೆಲಸ ಕಳೆದುಕೊಳ್ಳುವವರು ಹಾಜರಿ ಪುಸ್ತಕದಲ್ಲಿ ಕಾಯಂ ಹೆಸರಿಲ್ಲದ ದಿನಗೂಲಿಯವರು.

ಮೂರನೆಯದಾದ ಪಡಿಯ ದಾರಿ ನೇರವಾಗಿ ಸರ್ಕಾರದ ಕೈಯಲ್ಲಿರುವಂಥದು. ಪಡಿತರ, ಶಾಲೆ, ಆಸ್ಪತ್ರೆ, ಬರಗಾಲದ ಕಾಮಗಾರಿ ಇವೆಲ್ಲ ಮುಂಗಡಪತ್ರದ ವೆಚ್ಚದ ಬಾಬುಗಳು. ಕೊರತೆಯನ್ನು ಇಳಿಸಲೇಬೇಕೆಂಬ ಒತ್ತಡ ಬಂದಾಗ ಯಾವ ಬಾಬಿಗೆ ಕತ್ತರಿ ಬೀಳುತ್ತದೆ ಎಂಬುದನ್ನು ಲೆಕ್ಕಶಾಸ್ತ್ರ ನಿರ್ಧರಿಸುವುದಿಲ್ಲ. ಸಾಲದ ಬಡ್ಡಿಯನ್ನು ಕೊಡದೆ ಇರಲಾಗದು. ಸಂಬಳವನ್ನು ನಿಲ್ಲಿಸಿದರೆ ಸಂಘಟಿತ ನೌಕರರು ಸುಮ್ಮನಿರುವುದಿಲ್ಲ. ದನಿಯಿಲ್ಲದವರ ಬಾಬು ಸುಲಭವಾಗಿ ಕತ್ತರಿಗೆ ಸಿಗುತ್ತದೆ.

4. 1991: ಒಂದು ಬಿಕ್ಕಟ್ಟು, ಅದರ ಹಂಚಿಕೆ

1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದ ಮೇಲೆ ಕಚ್ಚಾ ತೈಲದ ಬೆಲೆ ಏರಿತು. ಗಲ್ಫ್ ದೇಶಗಳಲ್ಲಿದ್ದ ಭಾರತೀಯರು ಕಳುಹಿಸುತ್ತಿದ್ದ ಹಣಕ್ಕೂ ಪೆಟ್ಟು ಬಿತ್ತು. ಕೇಂದ್ರ ಸರ್ಕಾರದ ವಿತ್ತೀಯ ಕೊರತೆ ಅದಾಗಲೇ ರಾಷ್ಟ್ರೀಯ ಉತ್ಪನ್ನದ ಶೇಕಡಾ 8ರ ಆಸುಪಾಸಿನಲ್ಲಿತ್ತು. 1991ರ ಜೂನ್ ಹೊತ್ತಿಗೆ ವಿದೇಶೀ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಉಳಿದಿತ್ತು. ರಿಸರ್ವ್ ಬ್ಯಾಂಕು ಜುಲೈ ತಿಂಗಳಲ್ಲಿ ಸುಮಾರು 47 ಟನ್ ಬಂಗಾರವನ್ನು ವಿದೇಶಕ್ಕೆ ಸಾಗಿಸಿ ಒತ್ತೆಯಿಟ್ಟು ಸಾಲ ಪಡೆಯಿತು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಡಾಲರೊಂದಕ್ಕೆ ಸುಮಾರು 21 ರೂಪಾಯಿ ಇದ್ದ ದರ 26ರ ಸಮೀಪಕ್ಕೆ ಬಂದಿತು. ಜುಲೈ 24ರಂದು ಅರ್ಥಸಚಿವ ಮನಮೋಹನ ಸಿಂಗ್ ಅವರು ಮಂಡಿಸಿದ ಮುಂಗಡಪತ್ರದಲ್ಲಿ ಕೊರತೆಯನ್ನು ಗಣನೀಯವಾಗಿ ತಗ್ಗಿಸುವ ಗುರಿ ಇತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕುಗಳ ಸಾಲದೊಂದಿಗೆ ‘ರಚನಾತ್ಮಕ ಹೊಂದಾಣಿಕೆ’ ಎಂಬ ಮಾತು ನಮ್ಮ ಪತ್ರಿಕೆಗಳಿಗೆ ಬಂದಿತು.

ಈ ಕ್ರಮಗಳಲ್ಲಿ ಅನೇಕವು ಅನಿವಾರ್ಯವಾಗಿದ್ದವು ಎಂಬುದನ್ನು ಒಪ್ಪಬೇಕು. ವಿನಿಮಯ ಮುಗಿದ ದೇಶಕ್ಕೆ ಸೀಮೆಎಣ್ಣೆಯೂ ಇಲ್ಲ, ಗೊಬ್ಬರವೂ ಇಲ್ಲ. ಆಗ ಬಡವರ ಗತಿ ಇನ್ನೂ ಕಠಿನವಾಗುತ್ತಿತ್ತು. ಪ್ರಶ್ನೆ ಇರುವುದು ಹೊಂದಾಣಿಕೆ ಬೇಕಿತ್ತೇ ಎಂಬಲ್ಲಿ ಅಲ್ಲ, ಅದರ ಭಾರ ಯಾರ ಹೆಗಲಿಗೆ ಹೋಯಿತು ಎಂಬಲ್ಲಿ. ಮೇಲೆ ಹೇಳಿದ ಮೂರು ದಾರಿಗಳನ್ನು ಒಂದೊಂದಾಗಿ ನೋಡೋಣ.

ಬೆಲೆ: ಸಗಟು ಬೆಲೆಯ ಏರಿಕೆಯ ದರ 1991ರ ಆಗಸ್ಟಿನಲ್ಲಿ ಶೇಕಡಾ 16ನ್ನು ಮೀರಿತು. ಆ ವರ್ಷದ ಮಳೆಯೂ ಸಾಕಷ್ಟು ಕೈಕೊಟ್ಟಿತ್ತು. ಆಹಾರಧಾನ್ಯಗಳ ಉತ್ಪಾದನೆ ಹಿಂದಿನ ವರ್ಷದ ಸುಮಾರು 17.6 ಕೋಟಿ ಟನ್ನುಗಳಿಂದ 16.8 ಕೋಟಿ ಟನ್ನುಗಳಿಗೆ ಇಳಿದಿತ್ತು. ಹೀಗಾಗಿ ಬೆಲೆಯೇರಿಕೆಯೆಲ್ಲಕ್ಕೂ ನೀತಿಯೇ ಕಾರಣವೆನ್ನುವುದು ನ್ಯಾಯವಲ್ಲ. ಆದರೆ ಮಳೆ ಕೈಕೊಟ್ಟ ವರ್ಷದಲ್ಲಿಯೇ ಗೊಬ್ಬರದ ಬೆಲೆಯನ್ನು ಮುಂಗಡಪತ್ರದಲ್ಲಿ ಶೇಕಡಾ 40ರಷ್ಟು ಏರಿಸಿ, ವಿರೋಧ ಬಂದ ಮೇಲೆ 30ಕ್ಕೆ ಇಳಿಸಲಾಯಿತು.

ದುಡಿಮೆ: 1991-92ರಲ್ಲಿ ರಾಷ್ಟ್ರೀಯ ಉತ್ಪನ್ನದ ಬೆಳವಣಿಗೆ ಶೇಕಡಾ 1.4ರ ಆಸುಪಾಸಿಗೆ ಕುಸಿಯಿತು. ಗ್ರಾಮೀಣ ಬಡವರಿಗೆ ಕೂಲಿ ಕೆಲಸ ಕೊಡುತ್ತಿದ್ದ ಜವಾಹರ ರೋಜಗಾರ ಯೋಜನೆಯಲ್ಲಿ 1990-91ರಲ್ಲಿ ಸುಮಾರು 87 ಕೋಟಿ ಮಾನವದಿನಗಳ ಕೆಲಸ ಸೃಷ್ಟಿಯಾಗಿತ್ತು. ಅದು 1991-92ರಲ್ಲಿ 81 ಕೋಟಿಗೆ, 1992-93ರಲ್ಲಿ 78 ಕೋಟಿಗೆ ಇಳಿಯಿತು. ಕೆಲಸದ ಅಗತ್ಯ ಹೆಚ್ಚಿದ್ದ ಎರಡು ವರ್ಷಗಳಲ್ಲಿಯೇ ಕೆಲಸದ ಪ್ರಮಾಣ ಕಡಿಮೆಯಾಯಿತು. ಬಿಕ್ಕಟ್ಟು ಕಳೆದ ಮೇಲೆ, 1993-94ರಲ್ಲಿ, ಅದು ನೂರು ಕೋಟಿಯನ್ನು ದಾಟಿತು.

ಪಡಿ: ಕೇಂದ್ರ ಸರ್ಕಾರವು ಪಡಿತರಕ್ಕಾಗಿ ರಾಜ್ಯಗಳಿಗೆ ಕೊಡುವ ಸಾಮಾನ್ಯ ಅಕ್ಕಿಯ ದರ ಕ್ವಿಂಟಾಲಿಗೆ 289 ರೂಪಾಯಿ ಇದ್ದದ್ದು 1991ರ ಡಿಸೆಂಬರಿನಲ್ಲಿ 377, 1993ರ ಜನವರಿಯಲ್ಲಿ 437, 1994ರ ಫೆಬ್ರವರಿಯಲ್ಲಿ 537 ಆಯಿತು. ಗೋಧಿಯ ದರ 234ರಿಂದ 402ಕ್ಕೆ ಏರಿತು. ಎರಡೂಕಾಲು ವರ್ಷಗಳೊಳಗೆ ಅಕ್ಕಿಯ ದರ ಶೇಕಡಾ 86ರಷ್ಟು ಹೆಚ್ಚಾಯಿತೆಂದರೆ ಯಾವ ದಿನಗೂಲಿಯೂ ಆ ವೇಗದಲ್ಲಿ ಏರಿರಲಾರದು. ಆಹಾರ ಸಬ್ಸಿಡಿಯನ್ನು ಹಿಡಿತದಲ್ಲಿಡುವುದು ಈ ಏರಿಕೆಯ ಉದ್ದೇಶ. ಫಲ ಮಾತ್ರ ವಿಪರೀತವಾಯಿತು. ಪಡಿತರದ ದರ ಪೇಟೆಯ ದರವನ್ನು ಸಮೀಪಿಸಿದಂತೆ ಕೊಳ್ಳುವವರು ಕಡಿಮೆಯಾದರು. 1995ರ ಮಧ್ಯದಲ್ಲಿ ಸರ್ಕಾರದ ಉಗ್ರಾಣಗಳಲ್ಲಿ ಸುಮಾರು 3.5 ಕೋಟಿ ಟನ್ ಧಾನ್ಯ ತುಂಬಿಕೊಂಡಿತ್ತು. ಆ ದಾಸ್ತಾನನ್ನು ಕಾಯುವ ವೆಚ್ಚವೂ ಸಬ್ಸಿಡಿಯ ಲೆಕ್ಕದಲ್ಲಿಯೇ ಬರುತ್ತದೆ. ಉಣ್ಣುವವರಿಗೆ ಕೊಡದೆ ಉಳಿಸಿದ ಹಣ ಉಗ್ರಾಣದ ಬಾಡಿಗೆಗೂ ಇಲಿಹೆಗ್ಗಣಗಳಿಗೂ ಹೋಯಿತು.

ಅರ್ಥಶಾಸ್ತ್ರಜ್ಞರಾದ ಸುರೇಶ ತೆಂಡೂಲ್ಕರ್ ಮತ್ತು ಎಲ್.ಆರ್. ಜೈನ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನವು ಸುಧಾರಣೆಯ ಆರಂಭದ ಅವಧಿಯಲ್ಲಿ ಗ್ರಾಮೀಣ ಬಡತನ ಹೆಚ್ಚಿದ್ದನ್ನು ಗುರುತಿಸಿತು. ತೆಂಡೂಲ್ಕರರು ಸುಧಾರಣೆಯ ವಿರೋಧಿಗಳಲ್ಲ. ಅಂಥವರ ಲೆಕ್ಕದಲ್ಲಿಯೂ ಈ ಏರಿಕೆ ಕಂಡಿತೆಂಬುದು ಗಮನಾರ್ಹ.

5. ನೂಲಿನ ಬೆಲೆ

ವಿನಿಮಯ ದರದಂಥ ದೂರದ ಸಂಗತಿ ಒಂದು ಕುಟುಂಬವನ್ನು ಹೇಗೆ ತಲುಪುತ್ತದೆ ಎಂಬುದಕ್ಕೆ ಕೈಮಗ್ಗದ ನೇಕಾರರ ಉದಾಹರಣೆಯನ್ನು ಪರಿಶೀಲಿಸಬಹುದು. ರೂಪಾಯಿಯ ಬೆಲೆ ಇಳಿದರೆ ರಫ್ತು ಲಾಭದಾಯಕವಾಗುತ್ತದೆ. ಹತ್ತಿಯನ್ನೂ ನೂಲನ್ನೂ ಹೊರದೇಶಕ್ಕೆ ಮಾರಿದವನಿಗೆ ಅದೇ ಡಾಲರಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ದೇಶದ ಖಾತೆಗೆ ಇದು ಶುಭ. ಆದರೆ ರಫ್ತಿನ ಸೆಳೆತ ಹೆಚ್ಚಿದಷ್ಟೂ ದೇಶದೊಳಗೆ ನೂಲು ದುರ್ಲಭವಾಗಿ ತುಟ್ಟಿಯಾಗುತ್ತದೆ. ಕೈಮಗ್ಗದ ನೇಕಾರನು ಲಡಿಗಳ ರೂಪದ ನೂಲನ್ನು ಕೊಂಡು ನೇಯ್ದು ಸೀರೆಯನ್ನು ಬಡ ಮತ್ತು ಮಧ್ಯಮ ವರ್ಗದವರಿಗೇ ಮಾರಬೇಕು. ಬೆಲೆಯೇರಿಕೆಯಿಂದ ಅನ್ನಕ್ಕೇ ಹೆಚ್ಚು ಖರ್ಚು ಮಾಡಬೇಕಾದ ಗಿರಾಕಿ ಹೊಸ ಸೀರೆಯನ್ನು ಮುಂದಿನ ಹಬ್ಬಕ್ಕೆ ಮುಂದೂಡುತ್ತಾನೆ. ಹೀಗೆ ಕಚ್ಚಾ ಮಾಲಿನ ಬೆಲೆ ಒಂದು ಕಡೆಯಿಂದ, ಗಿರಾಕಿಯ ಬಡತನ ಇನ್ನೊಂದು ಕಡೆಯಿಂದ ನೇಕಾರನನ್ನು ಅದುಮುತ್ತವೆ. 1991ರಲ್ಲಿ ಆಂಧ್ರಪ್ರದೇಶದ ಕರಾವಳಿಯ ನೇಕಾರರಲ್ಲಿ ಹಸಿವಿನ ಸಾವುಗಳು ಸಂಭವಿಸಿದ ವರದಿಗಳು ಬಂದದ್ದು ಇಂಥ ಸಂದರ್ಭದಲ್ಲಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ಮಗ್ಗಗಳೂ ಇದೇ ನೂಲಿನ ಪೇಟೆಗೆ ಬಿಗಿದವು.

ಇಲ್ಲಿ ಯಾರೂ ನೇಕಾರನಿಗೆ ಕೇಡು ಬಗೆದಿರಲಿಲ್ಲ. ಅಪಮೌಲ್ಯದ ನಿರ್ಧಾರವನ್ನು ಕೈಗೊಂಡವರ ಮುಂದೆ ನೂಲಿನ ಲಡಿ ಇರಲಿಲ್ಲ. ಇದ್ದದ್ದು ಪಾವತಿ ಶಿಲ್ಕಿನ ಪಟ್ಟಿ. ಸಮಗ್ರ ನೀತಿಯ ಶಕ್ತಿಯೂ ಮಿತಿಯೂ ಇಲ್ಲಿಯೇ ಇದೆ. ಅದು ಇಡೀ ದೇಶವನ್ನು ಒಂದು ಖಾತೆಯಾಗಿ ನೋಡುತ್ತದೆ. ಆ ಖಾತೆಯಲ್ಲಿ ನೂಲು ಮಾರಿದವನ ಲಾಭವೂ ನೂಲು ಕೊಂಡವನ ನಷ್ಟವೂ ಕೂಡಿ ಕಳೆದು ಒಂದೇ ಅಂಕಿಯಾಗುತ್ತವೆ.

6. ಎರಡು ಅನ್ಯ ನಿದರ್ಶನಗಳು

ಬಿಗಿಯಾದ ಅರ್ಥನೀತಿ ಎಂದರೆ ಯಾವಾಗಲೂ ಬಡವರಿಗೆ ಕೇಡು ಎಂದು ತೀರ್ಮಾನಿಸಿದರೆ ತಪ್ಪಾದೀತು. ಬ್ರೆಜಿಲಿನಲ್ಲಿ 1993ರಲ್ಲಿ ವಾರ್ಷಿಕ ಬೆಲೆಯೇರಿಕೆ ಶೇಕಡಾ ಎರಡು ಸಾವಿರವನ್ನು ಮೀರಿತ್ತು. ಬ್ಯಾಂಕಿನಲ್ಲಿ ಖಾತೆಯಿದ್ದವರಿಗೆ ದಿನದಿನದ ಬೆಲೆಯೇರಿಕೆಯನ್ನು ಸರಿದೂಗಿಸುವ ಠೇವಣಿಗಳಿದ್ದವು. ಖಾತೆಯಿಲ್ಲದ ಬಡವರು ಕೂಲಿ ಕೈಗೆ ಬಂದ ದಿನವೇ ಅಂಗಡಿಗೆ ಓಡಬೇಕಾಗಿತ್ತು. ಸಮಾಜಶಾಸ್ತ್ರಜ್ಞರೂ ಆಗಿದ್ದ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅವರು ಅರ್ಥಸಚಿವರಾಗಿದ್ದಾಗ ರೂಪಿಸಿದ ಯೋಜನೆಯಂತೆ 1994ರ ಜುಲೈ 1ರಂದು ‘ರಿಯಾಲ್’ ಎಂಬ ಹೊಸ ನಾಣ್ಯ ಚಲಾವಣೆಗೆ ಬಂದಿತು. ಬೆಲೆಗಳು ಸ್ಥಿರವಾದವು, ಮುಂದಿನ ವರ್ಷದಲ್ಲಿಯೇ ಬಡತನ ಗಣನೀಯವಾಗಿ ಇಳಿಯಿತು. ಬೆಲೆಯ ಸ್ಥಿರತೆ ಬಡವರಿಗೆ ಸಲ್ಲಬೇಕಾದ ಮೊದಲ ಸೇವೆ ಎಂಬುದನ್ನು ಈ ಅನುಭವ ತೋರಿಸುತ್ತದೆ. ಭಾರತದಲ್ಲಿ 2016ರಲ್ಲಿ ರಿಸರ್ವ್ ಬ್ಯಾಂಕಿನ ಕಾಯಿದೆಗೆ ತಿದ್ದುಪಡಿ ತಂದು ಬೆಲೆಯೇರಿಕೆಗೆ ಶೇಕಡಾ 4ರ ಗುರಿಯನ್ನು ನಿಗದಿಪಡಿಸಿದ್ದನ್ನೂ ಈ ದೃಷ್ಟಿಯಿಂದ ಸ್ವಾಗತಿಸಬಹುದು. ಆದರೆ ಬಡ್ಡಿಯ ದರದಿಂದ ಮಳೆಯನ್ನು ತರಿಸಲು ಬರುವುದಿಲ್ಲ. ಅನ್ನದ ಬೆಲೆಗೆ ಉಗ್ರಾಣದ ಧಾನ್ಯವೂ ಬೇಕು.

ಇಂಡೋನೇಷ್ಯಾದ ನಿದರ್ಶನ ಇದಕ್ಕೆ ಪೂರಕವಾಗಿದೆ. 1997ರ ಮಧ್ಯದಲ್ಲಿ ಡಾಲರೊಂದಕ್ಕೆ ಸುಮಾರು 2,400 ಇದ್ದ ಅಲ್ಲಿನ ರೂಪಿಯಾ 1998ರಲ್ಲಿ 15,000ವನ್ನೂ ದಾಟಿತು. ಆ ವರ್ಷ ರಾಷ್ಟ್ರೀಯ ಉತ್ಪನ್ನ ಶೇಕಡಾ 13ರಷ್ಟು ಕುಗ್ಗಿತು. ಬೆಲೆಗಳು ಶೇಕಡಾ 70ಕ್ಕೂ ಮಿಕ್ಕಿ ಏರಿದವು. ಹಣಕಾಸು ನಿಧಿಯೊಡನೆ ಆದ ಒಪ್ಪಂದದ ಹಿನ್ನೆಲೆಯಲ್ಲಿ ಮೇ ತಿಂಗಳ ಆರಂಭದಲ್ಲಿ ಇಂಧನದ ಬೆಲೆ ಏರಿಸಿದಾಗ ದೊಂಬಿಗಳಾದವು. ಮೇ 21ರಂದು, ಮೂರು ದಶಕ ಆಳಿದ ಸುಹಾರ್ತೊ ಅಧಿಕಾರದಿಂದ ಇಳಿದರು. ಅನಂತರ ಬಂದ ಸರ್ಕಾರವು ಅದೇ ವರ್ಷ ಬಡ ಕುಟುಂಬಗಳಿಗೆ ತಿಂಗಳಿಗೆ 10 ಕಿಲೊ ಅಕ್ಕಿಯನ್ನು ಕಿಲೊಗೆ 1,000 ರೂಪಿಯಾದಂತೆ ಅಗ್ಗವಾಗಿ ಹಂಚಲು ತೊಡಗಿತು. ಮುಂದೆ ಆ ಪ್ರಮಾಣವನ್ನು 20 ಕಿಲೊಗೆ ಏರಿಸಿತು. ನಾಣ್ಯವನ್ನು ತತ್‌ಕ್ಷಣ ಮೇಲೆತ್ತಲಾಗದ ಸರ್ಕಾರಕ್ಕೂ ಪಡಿಯನ್ನು ಅಳೆದು ಕೊಡಲು ಸಾಧ್ಯವಿತ್ತು. 1991ರ ನಂತರ ನಾವು ಪಡಿಯ ದರವನ್ನು ಏರಿಸಿದೆವು. ನಮಗಿಂತ ದೊಡ್ಡ ಸಂಕಟದಲ್ಲಿದ್ದ ಇಂಡೋನೇಷ್ಯಾ ಅಗ್ಗದ ಪಡಿಯನ್ನು ಹೊಸದಾಗಿ ಆರಂಭಿಸಿತು. ಬಿಕ್ಕಟ್ಟಿನಲ್ಲಿಯೂ ಆಯ್ಕೆಗೆ ಅವಕಾಶವಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

7. ಚೇತರಿಕೆ ಮತ್ತು ಕಾಲ

ಭಾರತದ ಒಟ್ಟು ಖಾತೆ ಬೇಗನೆ ಚೇತರಿಸಿಕೊಂಡಿತು. 1994ರ ಮಾರ್ಚಿನ ವೇಳೆಗೆ ವಿದೇಶೀ ನಾಣ್ಯದ ಸಂಗ್ರಹ 1,500 ಕೋಟಿ ಡಾಲರುಗಳಷ್ಟಾಗಿತ್ತು. ಬೆಳವಣಿಗೆಯೂ ಮರಳಿತು. ಎರಡು ವರ್ಷಗಳ ಕಷ್ಟಕ್ಕೆ ಇಷ್ಟು ಫಲ ದೊರೆತಿದ್ದರೆ ಅದನ್ನು ಏಕೆ ದೂರಬೇಕು ಎಂದು ಕೇಳುವವರಿದ್ದಾರೆ. ಉತ್ತರ ಕಾಲದ ಸ್ವಭಾವದಲ್ಲಿದೆ. ದೇಶದ ಖಾತೆಗೆ ಎರಡು ವರ್ಷ ಅಲ್ಪಾವಧಿ. ಆ ಎರಡು ವರ್ಷಗಳಲ್ಲಿ ಎತ್ತನ್ನು ಮಾರಿದ ರೈತನಿಗೆ ಮಳೆ ಬಂದ ಮೇಲೂ ಎತ್ತು ಮರಳುವುದಿಲ್ಲ. ಶಾಲೆ ಬಿಡಿಸಿ ಕೂಲಿಗೆ ಕಳುಹಿಸಿದ ಮಗಳು ಬೆಳವಣಿಗೆಯ ದರ ಏರಿತೆಂದು ಮತ್ತೆ ಮೂರನೆಯ ತರಗತಿಗೆ ಹೋಗಿ ಕೂರುವುದಿಲ್ಲ. ಎಳವೆಯಲ್ಲಿ ತಪ್ಪಿದ ಪೋಷಣೆಯನ್ನು ಮುಂದೆ ತುಂಬಿಕೊಡುವುದು ಕಷ್ಟಸಾಧ್ಯ. ಕಾರ್ನಿಯಾ, ಜಾಲಿ, ಸ್ಟೂವರ್ಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ವಿಶ್ವಸಂಸ್ಥೆಯ ಮಕ್ಕಳ ನಿಧಿಗಾಗಿ ನಡೆಸಿದ ಅಧ್ಯಯನವು 1987ರಲ್ಲಿಯೇ ಹೊಂದಾಣಿಕೆಗೆ ಮಾನವೀಯ ಮುಖ ಬೇಕೆಂದು ವಾದಿಸಿತ್ತು. ಕೊರತೆಯನ್ನು ಇಳಿಸುವಾಗಲೂ ಮಕ್ಕಳ ಆಹಾರ, ಪ್ರಾಥಮಿಕ ಶಿಕ್ಷಣ, ಆರೋಗ್ಯಗಳ ವೆಚ್ಚವನ್ನು ಕಾಪಾಡಬೇಕೆಂಬುದು ಆ ವಾದದ ಸಾರ.

ಬೆಳವಣಿಗೆ ಮತ್ತು ಪಡಿ ಒಟ್ಟಿಗೆ ನಡೆದಾಗ ಏನಾಗುತ್ತದೆ ಎಂಬುದನ್ನೂ ನಮ್ಮ ದೇಶವೇ ತೋರಿಸಿದೆ. 2001-02ರ ಹೊತ್ತಿಗೆ ಸರ್ಕಾರದ ದಾಸ್ತಾನು 6 ಕೋಟಿ ಟನ್ನುಗಳ ಸಮೀಪವಿದ್ದರೂ ಹಸಿವು ಹೋಗಿರಲಿಲ್ಲ. ಈ ವೈಪರೀತ್ಯವನ್ನು ಪ್ರಶ್ನಿಸಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಆ ವರ್ಷದ ನವೆಂಬರ್ 28ರ ಆದೇಶದಿಂದ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ದೇಶದಾದ್ಯಂತ ಮಕ್ಕಳ ಹಕ್ಕಾಯಿತು. 2005ರಲ್ಲಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನಗಳ ಕೆಲಸದ ಖಾತರಿ ನೀಡುವ ಕಾಯಿದೆ ಬಂದಿತು. ಈ ಅವಧಿಯಲ್ಲಿ ಬೆಳವಣಿಗೆಯ ದರವೂ ಹೆಚ್ಚಿತ್ತು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 1993-94ರಲ್ಲಿ ಶೇಕಡಾ 45.3 ಇದ್ದ ಬಡತನ 2004-05ರಲ್ಲಿ 37.2ಕ್ಕೆ, 2011-12ರಲ್ಲಿ 21.9ಕ್ಕೆ ಇಳಿಯಿತು. ಮೊದಲ ಹನ್ನೊಂದು ವರ್ಷಗಳಲ್ಲಿ 8 ಅಂಶಗಳಷ್ಟು, ಅನಂತರದ ಏಳು ವರ್ಷಗಳಲ್ಲಿ 15 ಅಂಶಗಳಷ್ಟು ಇಳಿಕೆ. ಇದರ ಶ್ರೇಯಸ್ಸನ್ನು ಬೆಳವಣಿಗೆಗೆ ಎಷ್ಟು, ಸಾರ್ವಜನಿಕ ಯೋಜನೆಗಳಿಗೆ ಎಷ್ಟು ಎಂದು ಹಂಚುವ ವಾದ ಇನ್ನೂ ನಡೆದಿದೆ. ಎರಡೂ ಜೊತೆಗಿದ್ದ ಕಾಲದಲ್ಲಿ ಇಳಿಕೆ ತ್ವರಿತವಾಗಿತ್ತು ಎಂಬಷ್ಟು ಮಾತ್ರ ಅಂಕಿಗಳಿಂದ ಸ್ಪಷ್ಟ.

8. ಉಪಸಂಹಾರ

ಸಂಕಟಕಾಲದ ಭಾರವನ್ನು ಹಂಚಿಕೊಳ್ಳುವ ಒಂದು ದಾರಿಯನ್ನು ಮಹಾರಾಷ್ಟ್ರವು ಹಿಂದೆಯೇ ತೋರಿಸಿತ್ತು. ವಿ.ಸ. ಪಾಗೆಯವರ ಚಿಂತನೆಯಿಂದ 1965ರಲ್ಲಿ ಸಾಂಗಲಿ ಜಿಲ್ಲೆಯಲ್ಲಿ ಸಣ್ಣ ಪ್ರಯೋಗವಾಗಿ ಆರಂಭವಾದ ಉದ್ಯೋಗ ಖಾತರಿಯ ಕಲ್ಪನೆ 1972-73ರ ಭೀಕರ ಬರಗಾಲದಲ್ಲಿ ವಿಸ್ತಾರಗೊಂಡು 1977ರಲ್ಲಿ ಕಾಯಿದೆಯ ರೂಪ ಪಡೆಯಿತು. ಅದರ ವೆಚ್ಚಕ್ಕಾಗಿ 1975ರಿಂದ ವೃತ್ತಿ ತೆರಿಗೆ ಬಂದಿತು. ಮುಂಬಯಿ, ಪುಣೆಗಳಲ್ಲಿ ಸಂಬಳ ಪಡೆಯುವ ಕನ್ನಡಿಗರೂ ತಮ್ಮ ಸಂಬಳದ ಚೀಟಿಯಲ್ಲಿ ಈ ಕಡಿತವನ್ನು ಕಾಣುತ್ತಾರೆ. ತುಟ್ಟಿಭತ್ಯೆ ಉಳ್ಳವರು ತುಟ್ಟಿಭತ್ಯೆ ಇಲ್ಲದವರ ಕೂಲಿಗೆ ಕೊಟ್ಟ ಪಾಲು ಅದು ಎಂದು ತಿಳಿದು ನೋಡಿದರೆ ಆ ಸಣ್ಣ ಮೊತ್ತದ ಅರ್ಥವೇ ಬೇರೆಯಾಗುತ್ತದೆ.

ಇದೇ ನಗರಗಳಿಗೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬಗಳು ಬಹುಕಾಲ ಪಡಿತರದಿಂದ ಹೊರಗೇ ಉಳಿದಿದ್ದವು. ಚೀಟಿ ಊರಿನಲ್ಲಿ, ಹೊಟ್ಟೆ ನಗರದಲ್ಲಿ. 2013ರ ಆಹಾರ ಭದ್ರತಾ ಕಾಯಿದೆ ಗ್ರಾಮಗಳ ಶೇಕಡಾ 75, ನಗರಗಳ ಶೇಕಡಾ 50 ಜನರಿಗೆ ಅಗ್ಗದ ಧಾನ್ಯದ ಹಕ್ಕನ್ನು ಕೊಟ್ಟಾಗಲೂ ವಲಸೆ ಹೋದವರಿಗೆ ಆ ಹಕ್ಕು ದೂರವಿತ್ತು. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಮುಚ್ಚಿದಾಗ ಸಾವಿರಾರು ಜನ ನಡೆದೇ ಊರಿಗೆ ಹೊರಟದ್ದು ಈ ಕೊರತೆಯನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಒಂದು ರಾಜ್ಯದ ಚೀಟಿಗೆ ಇನ್ನೊಂದು ರಾಜ್ಯದಲ್ಲಿ ಧಾನ್ಯ ಕೊಡುವ ವ್ಯವಸ್ಥೆ 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಈ ಹಕ್ಕಿನ ತಿಳಿವಳಿಕೆಯನ್ನು ಕನ್ನಡದಲ್ಲಿ ಆ ಕುಟುಂಬಗಳಿಗೆ ಮುಟ್ಟಿಸುವುದು ಹೊರನಾಡಿನ ಕನ್ನಡ ಸಂಘಗಳು ಕೈಗೊಳ್ಳಬಹುದಾದ ಕೆಲಸ. ಅದು ಭಾಷಾಸೇವೆಯೂ ಹೌದು.

ಕೊನೆಗೆ ಒಂದು ಶಬ್ದವಿಚಾರ. ಕನ್ನಡದಲ್ಲಿ ‘ಹೊಂದಾಣಿಕೆ’ ಎಂದರೆ ಇಬ್ಬರೂ ತುಸು ತುಸು ಬಾಗಿ ಒಂದಾಗುವುದು. ದಾಂಪತ್ಯದಲ್ಲಿ, ನೆರೆಹೊರೆಯಲ್ಲಿ ಆ ಮಾತನ್ನು ನಾವು ಹಾಗೆಯೇ ಬಳಸುತ್ತೇವೆ. ಒಬ್ಬನೇ ಬಾಗುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರುಗಳಿವೆ. ಅರ್ಥನೀತಿಯ ಗ್ರಂಥಗಳಿಂದ ಅನುವಾದವಾಗಿ ಬಂದ ‘ರಚನಾತ್ಮಕ ಹೊಂದಾಣಿಕೆ’ಗೆ ಕನ್ನಡದ ಆ ಅರ್ಥವನ್ನೇ ಮಾನದಂಡವಾಗಿ ಹಿಡಿಯುವುದು ಯುಕ್ತ. ಯಾವುದೇ ಸರ್ಕಾರವು ಕೊರತೆಯನ್ನು ಇಳಿಸುವ, ನಾಣ್ಯವನ್ನು ಸ್ಥಿರಗೊಳಿಸುವ ಕ್ರಮವನ್ನು ಪ್ರಕಟಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಅನ್ನದ ಬೆಲೆ ಏನಾಗುವುದು? ದಿನಗೂಲಿಯ ಕೆಲಸ ಎಷ್ಟು ಉಳಿಯುವುದು? ಪಡಿಯ ಅಳತೆ ಹೆಚ್ಚುವುದೋ ಕುಗ್ಗುವುದೋ? ಈ ಮೂರಕ್ಕೂ ಸಮಾಧಾನಕರ ಉತ್ತರವಿದ್ದರೆ ಅದು ಹೊಂದಾಣಿಕೆ. ಇಲ್ಲವಾದರೆ, ಭಾರವನ್ನು ಹೊರಲಾರದವರ ಮೇಲೆ ಹೊರಿಸಿ ದೇಶದ ಖಾತೆಯನ್ನು ಸರಿದೂಗಿಸಿದಂತೆ ಆಗುತ್ತದೆ.